ಪಕ್ಷದ ವೇದಿಕೆಯಿಂದ ನ್ಯಾಯಪೀಠಕ್ಕೆ



ನ್ಯಾಯಾಧೀಶನಾದವನು ಯಾವ ಪಕ್ಷಕ್ಕೂ ಸೇರಿದವನಾಗಿರಬಾರದೆಂಬುದು ಎಲ್ಲ ದೇಶದವರೂ ಒಪ್ಪುವ ಮಾತು. ರಾಜಕಾರಣಿಯಾದವನು ಯಾವುದಾದರೊಂದು ಪಕ್ಷಕ್ಕೆ ಸೇರದೆ ಬಾಳಲಾರನೆಂಬುದೂ ಅಷ್ಟೇ ದಿಟ. ಹೀಗಿರಲು, ಯೌವನವನ್ನೆಲ್ಲ ಪಕ್ಷದ ವೇದಿಕೆಗಳ ಮೇಲೆ ಕಳೆದ ಮನುಷ್ಯನೊಬ್ಬನು ನಲವತ್ತರ ಹೊಸ್ತಿಲಲ್ಲಿ ನ್ಯಾಯಾಧೀಶನ ನಿಲುವಂಗಿಯನ್ನು ತೊಟ್ಟು, ಅಲ್ಲಿಂದ ಮುಂದೆ ಮುಪ್ಪಿನವರೆಗೂ ಆ ಪೀಠದಿಂದ ಇಳಿಯದೆ ಹೋದರೆ, ಅವನೊಳಗಿದ್ದ ಆ ಪಕ್ಷ ಎಲ್ಲಿಗೆ ಹೋಯಿತು? ಈ ಹೊತ್ತಿನ ಮಾತಿಗೆ ಇದೊಂದೇ ಪ್ರಶ್ನೆ. ಇದಕ್ಕೆ ನಾನು ಆರಿಸಿಕೊಂಡಿರುವುದು ಕೆನಡಾ ದೇಶದ ಆಲ್ಬೇರ್ ಸೆವಿನ್ಯಿ ಎಂಬವನ ಜೀವನವನ್ನು.

ಸೆವಿನ್ಯಿ ಹುಟ್ಟಿದ್ದು 1881ರ ಕೊನೆಯ ದಿನ, ಕ್ವಿಬೆಕ್ ಪ್ರಾಂತ್ಯದ ಟಿಂಗ್‌ವಿಕ್ ಎಂಬ ಹಳ್ಳಿಯಲ್ಲಿ. ಕ್ವಿಬೆಕ್ ಎಂದರೆ ಫ್ರೆಂಚ್ ಮಾತಿನ, ಕ್ಯಾಥೊಲಿಕ್ ಮತದ ಸೀಮೆ. ಸುತ್ತಲೂ ಇಂಗ್ಲಿಷ್ ಮಾತಿನ ಪ್ರಾಂತ್ಯಗಳು. ಟಿಂಗ್‌ವಿಕ್ ಇರುವ ಆರ್ಥಬಾಸ್ಕ ಸೀಮೆಯಾದರೋ ಲಿಬರಲ್ ಪಕ್ಷದ ಮಹಾನಾಯಕನಾದ ವಿಲ್ಫ್ರಿಡ್ ಲೋರಿಯೇ ವಕೀಲಿ ನಡೆಸಿ ಹೆಸರು ಪಡೆದ ನೆಲ. 1885ರಲ್ಲಿ ಲೂಯಿ ರಿಯೆಲನನ್ನು ಕನ್ಸರ್ವೇಟಿವ್ ಸರ್ಕಾರ ನೇಣಿಗೇರಿಸಿದಂದಿನಿಂದ ಕ್ವಿಬೆಕ್ಕಿನ ಮನಸ್ಸು ಆ ಪಕ್ಷದಿಂದ ದೂರ ಸರಿಯುತ್ತ ಬಂದಿತ್ತು. ಲೋರಿಯೇ ಪ್ರಧಾನಿಯಾದ ಮೇಲಂತೂ ಅಲ್ಲಿ ಕನ್ಸರ್ವೇಟಿವನಾಗಿ ನಿಲ್ಲುವುದು ಹೊಳೆಗೆ ಇದಿರಾಗಿ ಈಜಿದಂತೆಯೇ ಸರಿ. ಲಾವಾಲ್ ವಿಶ್ವವಿದ್ಯಾನಿಲಯದಲ್ಲಿ ನ್ಯಾಯಶಾಸ್ತ್ರ ಓದುತ್ತಿದ್ದಾಗಲೇ ನಮ್ಮ ತರುಣ ಅದೇ ಪಕ್ಷವನ್ನು ಹಿಡಿದ. 1905ರಲ್ಲಿ ವಕೀಲನಾದ. ಅವನದು ಭಾಷಣಕಾರನ ಸ್ವಭಾವ, ಅದೂ ಕ್ವಿಬೆಕ್ಕಿನ ಪದ್ಧತಿಯ ಭಾಷಣ: ಭಾನುವಾರದ ಪೂಜೆ ಮುಗಿದು ಜನ ಹೊರಗೆ ಬರುತ್ತಿದ್ದಂತೆಯೇ ಇಗರ್ಜಿಯ ಮೆಟ್ಟಿಲ ಬಳಿ ನಿಂತು ಗಂಟಲು ತೆರೆಯಬೇಕು, ಚಳಿಗೆ ಮನೆಯ ಕಡೆ ಹೊರಟ ಕಾಲುಗಳನ್ನು ಮಾತಿನಿಂದಲೇ ಹಿಡಿದು ನಿಲ್ಲಿಸಬೇಕು.

ಅಂಥ ಮಾತಿಗೆ 1910ರಲ್ಲಿ ಒಂದು ದೊಡ್ಡ ವಸ್ತು ಸಿಕ್ಕಿತು. ಬ್ರಿಟಿಷ್ ಸಾಮ್ರಾಜ್ಯದ ರಕ್ಷಣೆಗೆ ನೆರವಾಗಲೆಂದು ಲೋರಿಯೇ ಕೆನಡಾಕ್ಕೊಂದು ನೌಕಾಬಲವನ್ನು ಕಟ್ಟಲು ಶಾಸನ ಮಾಡಿದ. ಇಂಗ್ಲಿಷರಿಗೆ ಅದು ಸಾಲದಾಯಿತು. ಫ್ರೆಂಚರಿಗೆ ಅದೇ ಅತಿಯಾಯಿತು. ಇಂದು ಹಡಗು ಕೇಳಿದವರು ನಾಳೆ ನಮ್ಮ ಮಕ್ಕಳನ್ನು ಕೇಳುತ್ತಾರೆಂದು ರಾಷ್ಟ್ರೀಯವಾದಿಗಳ ಮುಖಂಡನಾದ ಆಂರಿ ಬುರಾಸಾ ತನ್ನ ‘ಲ ದವ್ವಾರ್’ ಪತ್ರಿಕೆಯಲ್ಲಿ ಬರೆದ, ಊರೂರಿನಲ್ಲಿ ಸಾರಿದ. ಸೆವಿನ್ಯಿ ಆ ದಂಡಿನಲ್ಲಿ ಸೇರಿಕೊಂಡು ಲೋರಿಯೇಯ ನೌಕಾನೀತಿಯ ಮೇಲೆ ಬೆಂಕಿಯುಗುಳಿದ. 1911ರ ಸೆಪ್ಟೆಂಬರಿನ ಚುನಾವಣೆಯಲ್ಲಿ ಲೋರಿಯೇ ಸೋತ, ಕನ್ಸರ್ವೇಟಿವ್ ನಾಯಕ ರಾಬರ್ಟ್ ಬೋರ್ಡನ್ ಪ್ರಧಾನಿಯಾದ; ಕ್ವಿಬೆಕ್ಕಿನ 65 ಸ್ಥಾನಗಳಲ್ಲಿ ಇಪ್ಪತ್ತೇಳು ಆ ಕೂಟಕ್ಕೆ ಬಂದವು. ಡಾರ್ಚೆಸ್ಟರ್ ಕ್ಷೇತ್ರದಿಂದ ಗೆದ್ದು ಬಂದ ಸೆವಿನ್ಯಿಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ.

ಇಲ್ಲೊಂದು ವಿಚಿತ್ರವನ್ನು ಕೇಳುಗರು ಮನಸ್ಸಿನಲ್ಲಿಡಬೇಕು. ಅವನು ಗೆದ್ದುದು ಸಾಮ್ರಾಜ್ಯಕ್ಕೆ ಸೈನಿಕ ನೆರವು ಕೂಡದೆಂಬ ಮಾತಿನ ಮೇಲೆ. ಅವನು ಹೋಗಿ ಕುಳಿತುದು ಅಂಥ ನೆರವು ಇನ್ನೂ ಹೆಚ್ಚಾಗಲಿ ಎನ್ನುವ ಇಂಗ್ಲಿಷ್ ಕನ್ಸರ್ವೇಟಿವರ ಪಕ್ಕದಲ್ಲಿ. ಶಾಂತಿಯ ಕಾಲದಲ್ಲಿ ಈ ಬಿರುಕನ್ನು ಹೇಗೋ ಮುಚ್ಚಬಹುದು. 1914ರಲ್ಲಿ ಮಹಾಯುದ್ಧ ಬಂತು. ಸೆವಿನ್ಯಿ ಬುರಾಸಾನಿಂದ ಬೇರ್ಪಟ್ಟು ಸರ್ಕಾರದ ಕಡೆ ಉಳಿದ. ಹಳೆಯ ಗೆಳೆಯರು ಇದನ್ನು ದ್ರೋಹವೆಂದರು. ಅವರ ಮಾತನ್ನು ಸುಳ್ಳೆನ್ನಲು ನನಗೆ ಧೈರ್ಯ ಬಾರದು. ಆದರೆ ಯುದ್ಧಕ್ಕೆ ಮುಂಚೆ ಆಡಿದ ಮಾತನ್ನು ಯುದ್ಧದ ನಡುವೆಯೂ ಆಡಬಲ್ಲ ಎದೆಗಾರಿಕೆ ಆ ಕಾಲದ ಎಷ್ಟು ಮಂದಿ ಮಂತ್ರಿಮಹೋದಯರಿಗಿತ್ತೆಂದು ಕೇಳಿಕೊಂಡರೆ, ಆ ತರುಣನೊಬ್ಬನನ್ನೇ ಕಟಕಟೆಯಲ್ಲಿ ನಿಲ್ಲಿಸುವುದು ಕಷ್ಟವಾಗುತ್ತದೆ.

ಹೀಗೆ, ಪಕ್ಷದ ಮನುಷ್ಯನಾಗಿ ಲೋಕಸಭೆಗೆ ಬಂದ ಬಗೆಯನ್ನು ಕಂಡೆವು. ಇನ್ನು ಪಕ್ಷವಿಲ್ಲದ ಮೊದಲನೆಯ ಪೀಠದ ಮಾತು.

1915ರಲ್ಲಿ ಅವನು ಉಪಸಭಾಧ್ಯಕ್ಷನಾದ. ಆಗ ಸಭಾಧ್ಯಕ್ಷನಾಗಿದ್ದವನು ಥಾಮಸ್ ಸ್ಪ್ರೌಲ್, ಕ್ಯಾಥೊಲಿಕರ ಬದ್ಧವಿರೋಧಿಗಳಾದ ಆರೆಂಜ್ ಸಂಘದವರ ಹಿರಿಯ ಮುಖಂಡನಾಗಿದ್ದವನು. ಸಭಾಧ್ಯಕ್ಷನ ಮಾತು ಇಂಗ್ಲಿಷಾದರೆ ಉಪಾಧ್ಯಕ್ಷನಿಗೆ ಫ್ರೆಂಚ್ ಚೆನ್ನಾಗಿ ಬರತಕ್ಕದ್ದೆಂಬುದು ಆ ಸಭೆಯ ನಿಯಮ. ಆ ನಿಯಮದ ದೆಸೆಯಿಂದ ಇಂಥ ಜೋಡಿಗಳು ಅಲ್ಲಿ ಕೂಡಿಬರುತ್ತಿದ್ದವು. ಸ್ಪ್ರೌಲ್ ಸೆನೆಟ್ಟಿಗೆ ಹೋದ ಮೇಲೆ, 1916ರ ಜನವರಿಯಲ್ಲಿ, ಸೆವಿನ್ಯಿಯೇ ಸಭಾಧ್ಯಕ್ಷನಾದ. ವಯಸ್ಸು 34.

ಕೆನಡಾದ ಸಭಾಧ್ಯಕ್ಷತೆ ಇಂಗ್ಲೆಂಡಿನದರಂತಲ್ಲ. ವೆಸ್ಟ್‌ಮಿನ್‌ಸ್ಟರಿನಲ್ಲಿ ಆ ಪೀಠವನ್ನೇರಿದವನು ಪಕ್ಷವನ್ನು ಹೊಸ್ತಿಲಾಚೆ ಬಿಟ್ಟು, ಮತ್ತೆ ಅದರ ಕಡೆ ತಿರುಗದೆ ಆಯುಷ್ಯ ಕಳೆಯುತ್ತಾನೆ. ಒಟ್ಟಾವದಲ್ಲಿ ಆಗ ಪ್ರಧಾನಿ ಸೂಚಿಸಿದವನೇ ಸಭಾಧ್ಯಕ್ಷ; ಅವಧಿ ಮುಗಿದೊಡನೆ ಮಂತ್ರಿಪದವಿಗೆ ಹಾರಿದರೂ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಪೀಠದಿಂದ ಇಳಿದವನು ತಾನು ಕುಳಿತಿದ್ದ ಕುರ್ಚಿಯನ್ನೇ ಮನೆಗೊಯ್ಯುವ ವಾಡಿಕೆಯೂ ಅಲ್ಲಿತ್ತು. ಆದರೂ ಕುಳಿತಿರುವಷ್ಟು ಕಾಲ ನಿಯಮ ಕಠಿಣವಾದುದು: ಚರ್ಚೆಯಲ್ಲಿ ಬಾಯಿ ಬಿಡುವಂತಿಲ್ಲ, ಎರಡು ಕಡೆಯ ಮತಗಳು ಸಮನಾದಾಗಲ್ಲದೆ ಮತ ಹಾಕುವಂತಿಲ್ಲ. ಅದೇ 1916ರ ಮೇ ತಿಂಗಳಲ್ಲಿ, ಒಂಟಾರಿಯೊ ಪ್ರಾಂತ್ಯದ ಶಾಲೆಗಳಲ್ಲಿ ಫ್ರೆಂಚ್ ಭಾಷೆಗೆ ಬಿದ್ದ ಕಟ್ಟನ್ನು ಕುರಿತು ಅರ್ನೆಸ್ಟ್ ಲಾಪ್ವಾಂತ್ ಎಂಬ ಲಿಬರಲ್ ಸದಸ್ಯನು ನಿರ್ಣಯ ತಂದಾಗ ಫ್ರೆಂಚ್ ಕನ್ಸರ್ವೇಟಿವರಲ್ಲಿ ಕೆಲವರು ಪಕ್ಷವನ್ನು ಮೀರಿ ಅದಕ್ಕೆ ಮತ ಕೊಟ್ಟರು, ನಿರ್ಣಯ ಬಿದ್ದುಹೋಯಿತು. ಇಗರ್ಜಿಯ ಮೆಟ್ಟಿಲ ಮೇಲೆ ಭಾಷೆಯ ಹೆಸರಿನಲ್ಲಿ ಗುಡುಗಿದವನಿಗೆ ಆ ದಿನ ಪೀಠ ವಿಧಿಸಿದ್ದು ಮೌನವನ್ನು. ನ್ಯಾಯಾಧೀಶನಿಗೆ ಬೇಕಾದ ಮೊದಲನೆಯ ವಿದ್ಯೆ ಇದೇ ಅಲ್ಲವೆ?

ಅದಕ್ಕೂ ಮೊದಲೇ, ಪೀಠವೇರಿದ ಮೂರನೆಯ ವಾರದಲ್ಲಿ, ಅವನ ಹೆಸರನ್ನು ಕೆನಡಾದ ಚರಿತ್ರೆಯೊಂದಿಗೆ ಬಿಡಿಸಲಾಗದಂತೆ ಬಿಗಿದ ರಾತ್ರಿ ಬಂದಿತ್ತು.

1916ರ ಫೆಬ್ರವರಿ 3. ಹೊರಗೆ ಹಿಮ. ರಾತ್ರಿ ಒಂಬತ್ತರ ಸಮಯ. ಸಭೆಯಲ್ಲಿ ಮೀನಿನ ವ್ಯಾಪಾರದ ಮೇಲೆ ನಿದ್ದೆ ಬರಿಸುವಂಥ ಚರ್ಚೆ. ಪೀಠದಲ್ಲಿ ಉಪಾಧ್ಯಕ್ಷನಾದ ಎಡ್ಗರ್ ರೋಡ್ಸ್ ಕುಳಿತಿದ್ದ. ಎರಡು ಸಭಾಂಗಣಗಳ ನಡುವೆ ಒಂದು ವಾಚನಾಲಯವಿತ್ತು. ಅದರ ತುಂಬ ಪತ್ರಿಕೆಗಳು, ಮೆರುಗೆಣ್ಣೆ ಬಳಿದ ಪೈನ್ ಮರದ ಕೆತ್ತನೆ. ಅಲ್ಲಿ ಓದುತ್ತಿದ್ದ ಸದಸ್ಯನೊಬ್ಬನಿಗೆ ಮೇಜಿನ ಕೆಳಗಿನಿಂದ ಹೊಗೆ ಬರುತ್ತಿರುವುದು ಕಂಡಿತು. ಕೆಲವೇ ನಿಮಿಷಗಳಲ್ಲಿ ಬೆಂಕಿ ಕೈಮೀರಿತು. ದ್ವಾರಪಾಲಕರ ಮುಖ್ಯಸ್ಥನು ಸಭೆಯೊಳಗೆ ನುಗ್ಗಿ ಬೆಂಕಿ ಬೆಂಕಿ ಎಂದು ಕೂಗಿದಾಗ ಸದಸ್ಯರು ಕೈ ಕೈ ಹಿಡಿದುಕೊಂಡು ಹೊಗೆಯಲ್ಲಿ ತಡವರಿಸುತ್ತ ಹೊರಬಿದ್ದರು. ಪ್ರಧಾನಿ ಬೋರ್ಡನ್ ಟೋಪಿ ಕೋಟುಗಳಿಲ್ಲದೆ ಚಳಿಗೆ ಬಂದು ನಿಂತ.

ಸಭಾಧ್ಯಕ್ಷನ ಮನೆ ಇದ್ದುದೂ ಅದೇ ಕಟ್ಟಡದೊಳಗೆ. ಅಂದು ಅವನ ಪತ್ನಿಗೆ ಕ್ವಿಬೆಕ್ಕಿನಿಂದ ಅತಿಥಿಗಳು ಬಂದಿದ್ದರು. ಮಕ್ಕಳು ಪಾರಾದರು. ಪತ್ನಿ ಪಾರಾದಳು. ಅತಿಥಿಗಳಲ್ಲಿ ಒಬ್ಬಾಕೆ ಕಿಟಕಿಯಿಂದ ಕೆಳಗೆ ಹಿಡಿದ ಬಲೆಗೆ ಧುಮುಕಿ ಬದುಕಿದಳು. ಇನ್ನಿಬ್ಬರು ಹೆಂಗಸರು ಹೊಗೆಯಲ್ಲಿ ಉಸಿರುಗಟ್ಟಿ ಸತ್ತರು. ಚಳಿಗೆಂದು ತುಪ್ಪಳದ ಕೋಟುಗಳನ್ನು ತರಲು ಹಿಂದಿರುಗಿದರೆಂದು ಅಂದಿನವರು ಹೇಳಿಕೊಂಡರು. ಒಟ್ಟು ಏಳು ಜನ ತೀರಿಕೊಂಡರು. ಅವರಲ್ಲಿ ನೋವಾ ಸ್ಕೋಶಿಯದ ಸದಸ್ಯ ಬೌಮನ್ ಲಾ ಒಬ್ಬ. ಯಾರೋ ಸಮಯಪ್ರಜ್ಞೆಯಿಂದ ಕಬ್ಬಿಣದ ಬಾಗಿಲುಗಳನ್ನು ಮುಚ್ಚಿದ್ದರಿಂದ ಗ್ರಂಥಾಲಯ ಮಾತ್ರ ಉಳಿಯಿತು. ಜರ್ಮನರ ಕೈವಾಡವೆಂಬ ಸುದ್ದಿ ಬೆಳಗಾಗುವುದರೊಳಗೆ ಊರೆಲ್ಲ ಹಬ್ಬಿತಾದರೂ ಅದಕ್ಕೆ ಪುರಾವೆ ಸಿಕ್ಕಲಿಲ್ಲ.

ಮರುದಿನ ಮಧ್ಯಾಹ್ನವೇ ಸಭೆ ಸೇರಿತು. ಸ್ಥಳ ವಿಕ್ಟೋರಿಯಾ ಸ್ಮಾರಕ ವಸ್ತುಸಂಗ್ರಹಾಲಯ. ಕೆಳಮನೆಗೆ ಅಲ್ಲಿನ ಉಪನ್ಯಾಸಶಾಲೆ ದೊರಕಿತು. ಮೇಲ್ಮನೆಯ ವೃದ್ಧರಿಗೆ ಪಳೆಯುಳಿಕೆಗಳನ್ನಿಟ್ಟ ಶಾಲೆಯನ್ನು ಕೊಟ್ಟರೆಂದು ಒಟ್ಟಾವದವರು ಇಂದಿಗೂ ನಗುತ್ತಾರೆ. ಸಭೆಯ ಅಧಿಕಾರದಂಡ ಸುಟ್ಟುಹೋಗಿತ್ತು. ಅದಿಲ್ಲದೆ ಸಭೆ ಸಭೆಯೇ ಅಲ್ಲ. ಮೇಲ್ಮನೆಯದನ್ನು ಎರವಲು ತಂದರು. ಆಮೇಲೆ ಮರದಿಂದ ಒಂದನ್ನು ಮಾಡಿಸಿದರು. ಪ್ರತಿವರ್ಷ ಫೆಬ್ರವರಿ 3ರಂದು ಕೆನಡಾದ ಲೋಕಸಭೆಯಲ್ಲಿ ಆ ಮರದ ದಂಡವನ್ನೇ ಇಂದಿಗೂ ಇಡುತ್ತಾರೆ. ತನ್ನ ಮನೆಯ ಅತಿಥಿಗಳ ಶವಗಳಿನ್ನೂ ಮಣ್ಣಿಗೆ ಸೇರದಿರುವಾಗ, ಎರವಲು ಕೋಣೆಯಲ್ಲಿ, ಎರವಲು ದಂಡದ ಮುಂದೆ ನಡೆಯಿತು ಆ ಸಭಾಧ್ಯಕ್ಷನ ಆಡಳಿತ.

ಭಾಷಣಕಾರನು ಮೌನ ಕಲಿತ ಬಗೆಯನ್ನು ಕೇಳಿದಿರಿ. ಆದರೆ ಆ ಮೌನ ಬಾಳಿದ್ದು ಒಂದೇ ವರ್ಷ.

1917ರ ಜನವರಿಯಲ್ಲಿ ಬೋರ್ಡನ್ ಅವನನ್ನು ಮಂತ್ರಿಯಾಗಿ ಕರೆದ. ಖಾತೆ, ಒಳನಾಡಿನ ಸುಂಕ. ಹೊಸದಾಗಿ ಮಂತ್ರಿಯಾದವನು ಸ್ಥಾನ ಬಿಟ್ಟು ಮತ್ತೆ ಮತದಾರರ ಮುಂದೆ ನಿಲ್ಲಬೇಕೆಂಬ ನಿಯಮ ಆಗ ಕೆನಡಾದಲ್ಲಿತ್ತು. ಡಾರ್ಚೆಸ್ಟರಿನಲ್ಲಿ ಅವನಿಗೆ ಇದಿರಾಗಿ ಲಿಬರಲರು ನಿಲ್ಲಿಸಿದ್ದು ಲೂಸಿಯೆನ್ ಕ್ಯಾನನ್ ಎಂಬ ಚುರುಕು ನಾಲಗೆಯ ತರುಣ ವಕೀಲನನ್ನು. ಈ ಹೆಸರನ್ನು ಮರೆಯಬೇಡಿ. ಸೆವಿನ್ಯಿ ಗೆದ್ದ, ಕೆಲವು ನೂರು ಮತಗಳ ಅಂತರದಲ್ಲಿ. ಅದು ಅವನ ಕೊನೆಯ ಗೆಲುವು.

ಆ ಬೇಸಗೆಯಲ್ಲಿ ಬೋರ್ಡನ್ ಕಡ್ಡಾಯ ಸೈನ್ಯಸೇವೆಯ ಮಸೂದೆ ತಂದ. ಫ್ರಾನ್ಸಿನ ಕಂದಕಗಳಲ್ಲಿ ಸತ್ತವರ ಜಾಗ ತುಂಬಲು ಸ್ವಯಂಸೇವಕರು ಸಾಲುತ್ತಿರಲಿಲ್ಲ. ಬುರಾಸಾ ಹೇಳಿದ್ದ ನಾಳೆ ಬಂದೇ ಬಂತು: ಹಡಗು ಕೇಳಿದವರು ಮಕ್ಕಳನ್ನು ಕೇಳಿದರು. ಫ್ರೆಂಚ್ ಮಂತ್ರಿಗಳಲ್ಲಿ ಪತೆನೋಡ್ ಎಂಬವನು ರಾಜೀನಾಮೆ ಕೊಟ್ಟು ಹೊರಬಂದ. ಸೆವಿನ್ಯಿ ಉಳಿದ. ಅಲ್ಲಿಂದಾಚೆ ಅವನು ಕ್ವಿಬೆಕ್ಕಿನ ಸಭೆಗಳಲ್ಲಿ ಎದ್ದು ನಿಂತರೆ ಜನ ಕೂಗಿ ಕುಳ್ಳಿರಿಸುತ್ತಿದ್ದರು. ಯಾವ ಗಂಟಲಿನಿಂದ ಅವನು ಮೇಲೆ ಬಂದಿದ್ದನೋ ಆ ಗಂಟಲಿಗೇ ಬೆಲೆಯಿಲ್ಲದೆ ಹೋಯಿತು. ಡಿಸೆಂಬರಿನ ಚುನಾವಣೆಯಲ್ಲಿ ಎರಡು ಕ್ಷೇತ್ರಗಳಲ್ಲಿ ನಿಂತು ಎರಡರಲ್ಲೂ ಸೋತ. ಡಾರ್ಚೆಸ್ಟರಿನಲ್ಲಿ ಅವನನ್ನು ಕೆಡವಿದವನು ಅದೇ ಕ್ಯಾನನ್. 65ರಲ್ಲಿ 62 ಸ್ಥಾನಗಳು ಮುದುಕ ಲೋರಿಯೇಯ ಪಾಲಾದವು. ಮುಂದಿನ ವರ್ಷ ಈಸ್ಟರ್ ಹಬ್ಬದ ದಿನಗಳಲ್ಲಿ ಕ್ವಿಬೆಕ್ ನಗರದ ಬೀದಿಗಳಲ್ಲಿ ಸೈನ್ಯ ಗುಂಡು ಹಾರಿಸಿ ನಾಲ್ವರು ಸತ್ತರು.

ಮೂವತ್ತಾರನೆಯ ವಯಸ್ಸಿಗೆ ಅವನ ರಾಜಕಾರಣ ಮುಗಿದಿತ್ತು. 1921ರಲ್ಲಿ, ಆರ್ಥರ್ ಮೀಯನ್ ಪ್ರಧಾನಿಯಾಗಿದ್ದಾಗ, ಕ್ವಿಬೆಕ್ಕಿನ ಉನ್ನತ ನ್ಯಾಯಾಲಯಕ್ಕೆ ಅವನನ್ನು ನೇಮಿಸಿದರು.

ಇಲ್ಲಿ ಮುಚ್ಚುಮರೆಯಿಲ್ಲದೆ ಮಾತನಾಡೋಣ. ಈ ನೇಮಕ ಋಣಸಂದಾಯ. ಪಕ್ಷಕ್ಕಾಗಿ ತನ್ನ ಜನರ ಪ್ರೀತಿಯನ್ನೇ ಕಳೆದುಕೊಂಡವನಿಗೆ ಪಕ್ಷ ತೆತ್ತ ಬೆಲೆ. ಕೆನಡಾದ ಸಂವಿಧಾನದಂತೆ ಪ್ರಾಂತ್ಯಗಳ ಉನ್ನತ ನ್ಯಾಯಾಧೀಶರನ್ನು ನೇಮಿಸತಕ್ಕವನು ಗವರ್ನರ್ ಜನರಲ್; ಅಂದರೆ, ಕೇಂದ್ರದ ಮಂತ್ರಿಮಂಡಲ. ನೇಮಕವಾಗತಕ್ಕವನು ಆ ಪ್ರಾಂತ್ಯದ ವಕೀಲನಾಗಿರಬೇಕು, ಅಷ್ಟೇ. ಎರಡು ಪಕ್ಷಗಳೂ ಈ ಬಾಗಿಲನ್ನು ತಮ್ಮ ಗಾಯಾಳುಗಳಿಗಾಗಿ ತೆರೆದಿಟ್ಟಿದ್ದವು. ಬಾಗಿಲು ಹೊರಮುಖವಾಗಿಯೂ ತೆರೆಯುತ್ತಿತ್ತು: ಸೆವಿನ್ಯಿ ಮಂತ್ರಿಯಾಗಿದ್ದ ಸಂಪುಟದಲ್ಲಿ ನ್ಯಾಯಮಂತ್ರಿಯಾಗಿದ್ದ ಚಾರ್ಲ್ಸ್ ಡಾಹರ್ಟಿ ಹದಿನೈದು ವರ್ಷ ಇದೇ ನ್ಯಾಯಾಲಯದಲ್ಲಿ ನ್ಯಾಯಾಧೀಶನಾಗಿದ್ದು, ಆಮೇಲೆ ರಾಜಕಾರಣಕ್ಕೆ ಬಂದವನು.

ಆದರೆ ನೇಮಿಸುವುದು ಪಕ್ಷದ ಕೈಯಲ್ಲಿದ್ದರೂ ತೆಗೆಯುವುದು ಅದರ ಕೈಯಲ್ಲಿರಲಿಲ್ಲ. ನಡತೆ ನೆಟ್ಟಗಿರುವವರೆಗೆ ಸ್ಥಾನ. ತೆಗೆಯಬೇಕಾದರೆ ಎರಡು ಸಭೆಗಳೂ ಸೇರಿ ಬೇಡಿಕೊಳ್ಳಬೇಕು. ಹಾಗೆ ತೆಗೆಯಲ್ಪಟ್ಟ ಉನ್ನತ ನ್ಯಾಯಾಧೀಶನು ಆ ದೇಶದ ಚರಿತ್ರೆಯಲ್ಲಿ ಒಬ್ಬನೂ ಇಲ್ಲ. ನನಗೆ ತೋರುವಂತೆ, ಸೆವಿನ್ಯಿಯೊಳಗಿದ್ದ ಪಕ್ಷವನ್ನು ಕರಗಿಸಿದ್ದು ಅವನ ಸಾಧುತ್ವವೇನೂ ಅಲ್ಲ. ಇನ್ನು ಮುಂದೆ ಯಾರೂ ತನಗೆ ಏನನ್ನೂ ಕೊಡಲಾರರು, ತನ್ನಿಂದ ಏನನ್ನೂ ಕಸಿದುಕೊಳ್ಳಲಾರರು ಎಂಬ ಭದ್ರತೆ. ಅವನ ಮುಂದೆ ಬರುತ್ತಿದ್ದ ಸಿವಿಲ್ ವ್ಯಾಜ್ಯಗಳಿಗೆ ಫ್ರೆಂಚ್ ಮೂಲದ ಸಂಹಿತೆ, ಕ್ರಿಮಿನಲ್ ಮೊಕದ್ದಮೆಗಳಿಗೆ ಇಂಗ್ಲಿಷ್ ಮೂಲದ ಕಾನೂನು. ಜಮೀನಿನ ಗಡಿ, ಉಯಿಲು, ಕರಾರು, ಕೊಲೆ. ಅಲ್ಲಿ ನೌಕಾನೀತಿಗೆ ಎಡೆಯೆಲ್ಲಿ?

1936ರಲ್ಲಿ ಲಿಬರಲ್ ಸರ್ಕಾರ ಅದೇ ನ್ಯಾಯಾಲಯಕ್ಕೆ ಹೊಸ ನ್ಯಾಯಾಧೀಶನೊಬ್ಬನನ್ನು ಕಳಿಸಿತು. ಅವನು ಲೂಸಿಯೆನ್ ಕ್ಯಾನನ್. ಡಾರ್ಚೆಸ್ಟರಿನ ಹಿಮದಲ್ಲಿ ಒಂದೇ ವರ್ಷ ಎರಡು ಬಾರಿ ಒಬ್ಬರನ್ನೊಬ್ಬರು ಹರಿದು ಹಾಕಿದ ಇಬ್ಬರೂ ಈಗ ಒಂದೇ ಬಗೆಯ ನಿಲುವಂಗಿ ತೊಟ್ಟರು. 1940ರ ದಶಕದ ಹೊತ್ತಿಗೆ ಸೆವಿನ್ಯಿ ಆ ನ್ಯಾಯಾಲಯದ ಮುಖ್ಯ ನ್ಯಾಯಾಧೀಶ. ಕ್ಯಾನನ್ ಅವನ ಕೈಕೆಳಗಿನವರಲ್ಲಿ ಒಬ್ಬ.

ಸಭಾಧ್ಯಕ್ಷ, ಸೋತ ಮಂತ್ರಿ, ನ್ಯಾಯಾಧೀಶ, ಮುಖ್ಯ ನ್ಯಾಯಾಧೀಶ: ಇಲ್ಲಿಯವರೆಗೆ ಮೆಟ್ಟಿಲುಗಳನ್ನು ಎಣಿಸಿದೆವು. ಇನ್ನು ಅವನು ಆ ಪೀಠದಲ್ಲಿ ಕುಳಿತಿರುವುದನ್ನು ಒಮ್ಮೆ ಹತ್ತಿರದಿಂದ ಕಾಣೋಣ.

1949ರ ಸೆಪ್ಟೆಂಬರ್ 9ರಂದು ಕ್ವಿಬೆಕ್ ನಗರದಿಂದ ಬೇ ಕೊಮೋ ಎಂಬ ಊರಿಗೆ ಹೊರಟ ವಿಮಾನವೊಂದು ಸೇಂಟ್ ಲಾರೆನ್ಸ್ ನದಿಯ ದಡದ ಗುಡ್ಡಗಳ ಮೇಲೆ ಸಿಡಿದು ಬಿತ್ತು. ಒಳಗಿದ್ದ 23 ಜನರೂ ಸತ್ತರು. ವಿಮಾನ ಹೊರಡುವುದು ಕೆಲವು ನಿಮಿಷ ತಡವಾಗಿತ್ತು; ತಡವಾಗದಿದ್ದರೆ ಅವಶೇಷಗಳೆಲ್ಲ ನದಿಯ ಪಾಲಾಗಿ ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು. ನೆಲದ ಮೇಲೆ ಸಿಕ್ಕ ಚೂರುಗಳು ಮಾತನಾಡಿದವು. ಆಲ್ಬೇರ್ ಗೇ ಎಂಬ ಆಭರಣವ್ಯಾಪಾರಿಯು, ಇನ್ನೊಬ್ಬ ತರುಣಿಯ ಮೋಹದಿಂದ, ಹತ್ತು ಸಾವಿರ ಡಾಲರುಗಳ ವಿಮೆ ಮಾಡಿಸಿ ತನ್ನ ಹೆಂಡತಿಯನ್ನು ಆ ವಿಮಾನಕ್ಕೆ ಹತ್ತಿಸಿದ್ದ. ಗಡಿಯಾರ ರಿಪೇರಿಯವನೊಬ್ಬನು ಅಲಾರಂ ಗಡಿಯಾರ, ಬ್ಯಾಟರಿ, ಡೈನಮೈಟುಗಳನ್ನು ಕೂಡಿಸಿ ಪೊಟ್ಟಣ ಕಟ್ಟಿಕೊಟ್ಟ. ಹೆಂಗಸೊಬ್ಬಳು ಅದನ್ನು ವಿಮಾನದ ಸರಕಿಗೆ ಸೇರಿಸಿ ಬಂದಳು. ಒಳಗಿದ್ದುದು ಒಂದು ವಿಗ್ರಹವೆಂದು ತಾನು ತಿಳಿದಿದ್ದುದಾಗಿ ಆಕೆ ಹೇಳಿದಳು.

1950ರಲ್ಲಿ ಗೇ ಮೇಲಿನ ವಿಚಾರಣೆ ಕ್ವಿಬೆಕ್ ನಗರದಲ್ಲಿ ಸೆವಿನ್ಯಿಯ ಮುಂದೆ ನಡೆಯಿತು. ಅವನಿಗಾಗ ಅರವತ್ತೆಂಟು. ದೊರೆಯ ಪರವಾಗಿ ವಾದಿಸಿದವನು ನೊಯೆಲ್ ಡೊರಿಯೋ. ಊರಿಗೆ ಊರೇ ಆಗಲೇ ತೀರ್ಪು ಕೊಟ್ಟಾಗಿತ್ತು. ಜೂರಿಯಲ್ಲಿ ಹನ್ನೆರಡು ಗಂಡಸರು. ಹೆಂಗಸರಿಗೆ ಕ್ವಿಬೆಕ್ಕಿನಲ್ಲಿ ಆ ಅಧಿಕಾರ ಇನ್ನೂ ಬಂದಿರಲಿಲ್ಲ. ಇಂಥ ಮೊಕದ್ದಮೆಯಲ್ಲಿ ನ್ಯಾಯಾಧೀಶನು ಅಪರಾಧವನ್ನು ನಿರ್ಣಯಿಸತಕ್ಕವನಲ್ಲ. ಸಾಕ್ಷ್ಯವನ್ನು ಜೂರಿಯ ಮುಂದೆ ಒಪ್ಪವಾಗಿ ಹರಡಿ, ಕಾನೂನನ್ನು ತಿಳಿಯಹೇಳಿ, ಹೊರಗಿನ ಗದ್ದಲವನ್ನು ಹೊರಗೇ ಇಡತಕ್ಕವನು. ಸಾವಿರಾರು ಜನರನ್ನು ಉರಿದೆಬ್ಬಿಸುವುದನ್ನು ಒಂದು ಕಾಲಕ್ಕೆ ಕಸುಬಾಗಿ ಮಾಡಿಕೊಂಡಿದ್ದವನು, ಮತ್ತು ಹಾಗೆ ಉರಿದ ಜನರ ಕೈಗೆ 1917ರಲ್ಲಿ ತಾನೇ ಸಿಕ್ಕಿದ್ದವನು, ಹನ್ನೆರಡು ಜನಕ್ಕೆ ತಣ್ಣಗಿರಲು ಹೇಳಬೇಕಾಗಿ ಬಂದದ್ದನ್ನು ನೆನೆದರೆ, ಆ ಕೆಲಸವನ್ನು ಬಲ್ಲವರಲ್ಲಿ ಅವನಿಗಿಂತ ಅನುಭವವುಳ್ಳವರು ಕ್ವಿಬೆಕ್ಕಿನಲ್ಲಿ ಎಷ್ಟು ಮಂದಿ ಇದ್ದಿರಬಹುದೆನ್ನಿಸುತ್ತದೆ. ಜೂರಿಯವರು ಕಾಲು ಗಂಟೆಗಿಂತ ತುಸು ಹೆಚ್ಚು ಹೊತ್ತು ತೆಗೆದುಕೊಂಡು ತಪ್ಪಿತಸ್ಥನೆಂದರು. ಶಿಕ್ಷೆಯ ವಿಷಯದಲ್ಲಿ ಕಾನೂನು ಆಯ್ಕೆ ಬಿಟ್ಟಿರಲಿಲ್ಲ. 1951ರ ಜನವರಿಯಲ್ಲಿ ಗೇ ನೇಣಿಗೇರಿದ. ಮುಂದೆ ಗಡಿಯಾರದವನೂ, 1953ರಲ್ಲಿ ಆ ಹೆಂಗಸೂ. ಕೆನಡಾದಲ್ಲಿ ನೇಣಿಗೇರಿದ ಕೊನೆಯ ಹೆಂಗಸು ಅವಳೇ.

ಸರ್ಕಾರಿ ವಕೀಲ ಡೊರಿಯೋ 1958ರಲ್ಲಿ ಕನ್ಸರ್ವೇಟಿವ್ ಸದಸ್ಯನಾಗಿ ಒಟ್ಟಾವಕ್ಕೆ ಹೋದ. ಅದೇ ಚುನಾವಣೆಯಲ್ಲಿ ಆ ಪಕ್ಷದ ನಾಯಕನಾದ ಡೀಫನ್‌ಬೇಕರನ ಅಲೆಯನ್ನು ಕ್ವಿಬೆಕ್ಕಿನಲ್ಲಿ ಎಬ್ಬಿಸಿದವರಲ್ಲಿ ಮುಖ್ಯ ನ್ಯಾಯಾಧೀಶನ ಮಗ ಪಿಯರ್ ಸೆವಿನ್ಯಿಯೂ ಒಬ್ಬ. ಹುಟ್ಟಿದ್ದು 1917ರ ಸೆಪ್ಟೆಂಬರಿನಲ್ಲಿ, ತಂದೆಯ ಮೇಲೆ ಕಡ್ಡಾಯ ಸೈನ್ಯದ ಆಪಾದನೆ ಕಾದು ಕೆಂಪಾಗಿದ್ದ ದಿನಗಳಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಫಿರಂಗಿದಳದ ಅಧಿಕಾರಿಯಾಗಿ ಹೋರಾಡಿ ಒಂದು ಕಾಲನ್ನು ಕಳೆದುಕೊಂಡು ಬಂದವನು. ಲೋಂಗೇಯ್ ಕ್ಷೇತ್ರದಿಂದ ಗೆದ್ದ ಅವನನ್ನು ತಂದೆ ಕುಳಿತಿದ್ದ ಉಪಸಭಾಧ್ಯಕ್ಷನ ಪೀಠದಲ್ಲಿಯೇ ಕೂರಿಸಿದರು. ಮರುವರ್ಷ ರಕ್ಷಣಾ ಇಲಾಖೆಯಲ್ಲಿ ಸಹಮಂತ್ರಿ. 1961ರ ಮೇ ತಿಂಗಳಲ್ಲಿ ತಂದೆ ತೀರಿಕೊಂಡಾಗ ಮಗ ಆ ಸ್ಥಾನದಲ್ಲಿದ್ದ.

ಪಕ್ಷ ಮನೆಯಿಂದ ಹೋಗಿರಲಿಲ್ಲ. ಆದರೆ 1958ರಲ್ಲಿ ಮುದುಕ ನ್ಯಾಯಾಧೀಶನು ಮಗನಿಗಾಗಿ ಯಾವ ಇಗರ್ಜಿಯ ಮೆಟ್ಟಿಲನ್ನೂ ಹತ್ತುವಂತಿರಲಿಲ್ಲ. ಮತಗಟ್ಟೆಗೆ ಹೋಗಿ ತನ್ನದೊಂದು ಚೀಟಿ ಹಾಕುವಂತೆಯೂ ಇರಲಿಲ್ಲ. ಕೇಂದ್ರ ಸರ್ಕಾರ ನೇಮಿಸಿದ ನ್ಯಾಯಾಧೀಶರಿಗೆ ಕೆನಡಾದ ಚುನಾವಣಾ ಶಾಸನ ಮತದ ಹಕ್ಕನ್ನೇ ಕೊಟ್ಟಿರಲಿಲ್ಲ. ಆ ಕಟ್ಟು ಬಿದ್ದುಹೋದದ್ದು 1988ರಲ್ಲಿ, ಒಂದು ನ್ಯಾಯಾಲಯದ ತೀರ್ಪಿನಿಂದ.